ಸ್ಕ್ರೀನ್ ಕಪ್ಪಾಯ್ತು, ಮಾತು ಕೇಳುತ್ತಲೇ ಇತ್ತು

ಏಪ್ರಿಲ್‌ನ ಒಂದು ರಾತ್ರಿ ದಾವಣಗೆರೆಯಿಂದ ಅಕ್ಕನ ಮಗ ಫೋನ್ ಮಾಡಿದ. ಕಂಪ್ಯೂಟರಿನಲ್ಲಿ ಆಟದ ಮಧ್ಯೆ ಸ್ಕ್ರೀನ್ ಪೂರ್ತಿ ಕಪ್ಪಾಗುತ್ತಂತೆ. ಮಾನಿಟರ್ ‘ನೋ ಸಿಗ್ನಲ್’ ಅಂತ ತೋರಿಸಿ ಮಲಗುತ್ತಂತೆ. ಸ್ಕ್ರೀನಿಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನ ಫ್ಯಾನ್‌ಗಳು ಹಿಟ್ಟಿನ ಗಿರಣಿ ಹಾಗೆ ಕಿರುಚುತ್ತವಂತೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡದೆ ಬೇರೆ ದಾರಿಯೇ ಇಲ್ಲ.

ಇದು ಶುರುವಾಗಿ ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಅವನು ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದ್ದ. ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಬದಲಿಸಿದ್ದಕ್ಕೆ ಲೆಕ್ಕವೇ ಇಲ್ಲ. ರ‍್ಯಾಮ್ ಕಿತ್ತು, ಒರೆಸಿ, ಮತ್ತೆ ಕೂರಿಸಿದ್ದ. ಅಂಗಡಿಯವರೊಬ್ಬರು ಯಂತ್ರ ಬಿಚ್ಚುವ ಮೊದಲೇ ಹೇಳಿಬಿಟ್ಟಿದ್ದರು: ಕಾರ್ಡ್ ಹೋಗಿದೆ, ಹೊಸದು ಹಾಕಬೇಕು. ಭಾವ ಅದನ್ನೇ ಹಿಡಿದುಕೊಂಡಿದ್ದರು. ‘ಹೊತ್ತು ಗೊತ್ತು ಇಲ್ಲದೆ ಆಡಿ ಸುಟ್ಟುಹಾಕಿದಾನೆ’ ಎಂಬುದು ಅವರ ತೀರ್ಪು.

ಯಂತ್ರದ ಜಾತಕ ಇಷ್ಟು. ರೈಜನ್ 5 5600ಎಕ್ಸ್ ಪ್ರೊಸೆಸರ್, 16 ಜಿಬಿ ರ‍್ಯಾಮ್, ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ 650 ವ್ಯಾಟ್‌ನ ಪವರ್ ಸಪ್ಲೈ, 27 ಇಂಚಿನ 1440ಪಿ ಮಾನಿಟರ್. ಮೊದಲು ಅದರಲ್ಲಿ ಆರ್‌ಟಿಎಕ್ಸ್ 3060 ಕಾರ್ಡ್ ಇತ್ತು. ಫೆಬ್ರವರಿಯಲ್ಲಿ ಅದನ್ನು ಮಾರಿ, ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3080 ತಂದಿದ್ದ. ತೊಂದರೆ ಶುರುವಾಗಿದ್ದೂ ಆಗಲೇ. ಹಾಗಾಗಿ ಅಂಗಡಿಯವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿರಲಿಲ್ಲ. ಹಳೆಯ ಕಾರ್ಡ್, ಯಾರ ಕೈಯಲ್ಲಿ ಹೇಗೆ ದುಡಿದಿತ್ತೋ ಯಾರಿಗೆ ಗೊತ್ತು?

ಫೋನಿನಲ್ಲೇ ಒಂದು ಪ್ರಶ್ನೆ ಕೇಳಿದೆ. ‘ಸ್ಕ್ರೀನ್ ಕಪ್ಪಾದಾಗ ಹೆಡ್‌ಫೋನ್‌ನಲ್ಲಿ ಏನು ಕೇಳಿಸುತ್ತೆ?’

‘ಆಟದ ಸೌಂಡ್ ಸ್ವಲ್ಪ ಹೊತ್ತು ಬರುತ್ತೆ. ಫ್ರೆಂಡ್ಸ್ ಮಾತಾಡೋದು ಕೇಳ್ತಾನೇ ಇರುತ್ತೆ.’

‘ನಿನ್ನ ಮಾತು ಅವರಿಗೆ ಕೇಳಿಸುತ್ತಾ?’

ಅದನ್ನು ಅವನು ಗಮನಿಸಿರಲಿಲ್ಲ. ಮಾರನೇ ದಿನ ಆಟ ಆಡುತ್ತಾ ಬೇಕಂತಲೇ ಕಾದು ಕೂತು, ಸ್ಕ್ರೀನ್ ಕಪ್ಪಾದ ಕೂಡಲೇ ಮಾತಾಡಿಸಿ ನೋಡಿದ. ಅವರಿಗೆ ಕೇಳಿಸುತ್ತಿತ್ತು. ಐದು ನಿಮಿಷ ಕತ್ತಲಲ್ಲೇ ಹರಟೆ ಹೊಡೆದನಂತೆ.

ಈ ಒಂದು ಉತ್ತರದಿಂದ ಅರ್ಧ ಕೆಲಸ ಮುಗಿಯಿತು. ಅವನ ಹೆಡ್‌ಫೋನ್ ಯುಎಸ್‌ಬಿಯದ್ದು, ಮಾನಿಟರ್‌ಗೆ ಸಿಕ್ಕಿಸಿದ್ದಲ್ಲ. ಮಾತು ಹೋಗಿ ಬರುತ್ತಿದೆ ಅಂದರೆ ಪ್ರೊಸೆಸರ್, ರ‍್ಯಾಮ್, ವಿಂಡೋಸ್, ನೆಟ್‌ವರ್ಕ್ ಎಲ್ಲ ಬದುಕಿವೆ. ಕಣ್ಣು ಮಾತ್ರ ಹೋಗಿದೆ. ರ‍್ಯಾಮ್ ಕೆಟ್ಟಿದ್ದರೆ ಸಾಮಾನ್ಯವಾಗಿ ನೀಲಿ ಸ್ಕ್ರೀನ್ ಬರುತ್ತದೆ, ಇಲ್ಲವೇ ಎಲ್ಲವೂ ಒಟ್ಟಿಗೆ ಕಲ್ಲಾಗಿ ಸೌಂಡ್ ‘ಜ್ರ್‌ರ್‌ರ್’ ಅಂತ ಒಂದೇ ಕಡೆ ಸಿಕ್ಕಿಕೊಳ್ಳುತ್ತದೆ. ಪವರ್ ಸಪ್ಲೈ ತನ್ನನ್ನು ತಾನು ಕಾಪಾಡಿಕೊಳ್ಳಲು ಕೈಕೊಟ್ಟರೆ ಇಡೀ ಯಂತ್ರವೇ ಟಕ್ ಅಂತ ಆಫ್ ಆಗುತ್ತದೆ. ಇಲ್ಲಿ ಅದು ಯಾವುದೂ ಅಲ್ಲ. ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹತ್ತಿ ಆರುತ್ತಿತ್ತು. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗಬೇಕು. ಅದಕ್ಕೂ ಸ್ಕ್ರೀನ್ ಎಚ್ಚರಾಗಲಿಲ್ಲ. ಬರೀ ಡ್ರೈವರ್ ಮುಗ್ಗರಿಸಿದ್ದರೆ ಇಷ್ಟಕ್ಕೆ ಚಿತ್ರ ವಾಪಸ್ ಬರುವ ಸಾಧ್ಯತೆ ಜಾಸ್ತಿ.

ಶನಿವಾರ ನಾನೇ ಹೋದೆ.

ಮೊದಲು ತೆರೆದದ್ದು ಇವೆಂಟ್ ವ್ಯೂವರ್, ಯಂತ್ರದಲ್ಲಿ ಏನಾಯಿತು ಅಂತ ವಿಂಡೋಸ್ ಬರೆದಿಡುವ ದಿನಚರಿ. ಅಲ್ಲಿ ಕೆಂಪು ಗುರುತಿನ ಜೊತೆ ‘ಕರ್ನೆಲ್ ಪವರ್ 41’ ಅಂತ ಸಾಲು ಸಾಲಾಗಿ ಇತ್ತು. ಹುಡುಗ ಅದನ್ನು ನೋಡಿಯೇ ಪವರ್ ಸಪ್ಲೈ ಬದಲಿಸೋಣ ಎಂದು ಒಮ್ಮೆ ಹೊರಟಿದ್ದನಂತೆ. ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. 41 ಹೇಳುವುದು ಇಷ್ಟೇ: ಹೋದ ಸಲ ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ. ಬಟನ್ ಒತ್ತಿ ಹಿಡಿದು ಆಫ್ ಮಾಡಿದವನು ನೀನೇ ಅಲ್ವಾ? ಮತ್ತೆ ಆನ್ ಆದಾಗ ವಿಂಡೋಸ್ ಅದನ್ನೇ ಬರೆದುಕೊಂಡಿದೆ. ಅದು ರೋಗದ ಗುರುತಲ್ಲ, ನಿನ್ನ ಹೆಬ್ಬೆರಳಿನ ಗುರುತು.

ಬೇಕಾದ ಸಾಲು ಅದಕ್ಕಿಂತ ಮೂರು ನಿಮಿಷ ಹಿಂದೆ ಇತ್ತು. 9 ಗಂಟೆ 47 ನಿಮಿಷಕ್ಕೆ, ಕಾರ್ಡಿನ ಚಿಪ್ ಮಾಡಿದ ಎನ್‌ವಿಡಿಯಾ ಕಂಪನಿಯ ಡ್ರೈವರ್‌ನ ಎರರ್, ನಂಬರ್ 14. ವಿಂಡೋಸ್‌ನದೇ ಇನ್ನೊಂದು ದಾಖಲೆಯಾದ ರಿಲಯಬಿಲಿಟಿ ಮಾನಿಟರ್‌ನಲ್ಲಿ ಅದೇ ಹೊತ್ತಿಗೆ ‘ಹಾರ್ಡ್‌ವೇರ್ ಎರರ್’, ಲೈವ್ ಕರ್ನೆಲ್ ಇವೆಂಟ್ 141. ಗ್ರಾಫಿಕ್ಸ್ ಕಾರ್ಡಿನಿಂದ ಉತ್ತರ ಬರದಿದ್ದರೆ ವಿಂಡೋಸ್ 2 ಸೆಕೆಂಡ್ ಕಾಯುತ್ತದೆ, ಆಮೇಲೆ ಅದನ್ನು ಎಬ್ಬಿಸಲು ನೋಡುತ್ತದೆ. ಎಬ್ಬಿಸಲು ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಲಿನಕ್ಸ್‌ನಲ್ಲಿ ಎನ್‌ವಿಡಿಯಾ ಡ್ರೈವರ್ ಇದನ್ನು ಇನ್ನೂ ಚೆನ್ನಾಗಿ ಹೇಳುತ್ತದೆ. ಅಲ್ಲಿ ಎಕ್ಸ್‌ಐಡಿ 79 ಅಂತ ಒಂದು ಎರರ್ ಇದೆ, ಅದರ ಒಕ್ಕಣೆಯನ್ನು ಹಾಗೇ ಕನ್ನಡಕ್ಕೆ ತಂದರೆ ‘ಜಿಪಿಯು ಬಸ್ಸಿಂದ ಬಿದ್ದಿದೆ’. ಜಿಪಿಯು ಅಂದರೆ ಗ್ರಾಫಿಕ್ಸ್ ಚಿಪ್, ಬಸ್ ಅಂದರೆ ಅದು ಯಂತ್ರದ ಜೊತೆ ಮಾತಾಡುವ ದಾರಿ. ಭಾವನಿಗೆ ಇದನ್ನು ಹೇಳಿದಾಗ ಅವರು ಮೊದಲ ಸಲ ನಕ್ಕರು.

ಸರಿ, ಬಿದ್ದದ್ದು ಯಾಕೆ? ತಾನೇ ತಲೆಸುತ್ತಿ ಬಿತ್ತೋ, ಬಿಸಿಲಿಗೆ ಬಿತ್ತೋ, ಹಸಿವಿಗೆ ಬಿತ್ತೋ?

ಬಿಸಿಲಿನ ಅನುಮಾನ ಎಲ್ಲರಿಗೂ ಇತ್ತು. ಏಪ್ರಿಲ್‌ನ ದಾವಣಗೆರೆ ಅಂದರೆ ಕೇಳಬೇಕೇ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟಿದ್ದರು. ಆಗ ಹದಿನೈದು ನಿಮಿಷಕ್ಕೆ ಬೀಳುವುದು ಇಪ್ಪತ್ತೈದಕ್ಕೆ ಬಿತ್ತಂತೆ. ಅದನ್ನೇ ಸಾಕ್ಷಿ ಅಂದುಕೊಂಡಿದ್ದರು. ಎಚ್‌ಡಬ್ಲ್ಯುಇನ್ಫೋ ಎಂಬ ಪುಕ್ಕಟೆ ಪ್ರೋಗ್ರಾಂ ಹಾಕಿ, ಸೆಕೆಂಡಿಗೊಂದು ಸಲ ಎಲ್ಲ ಅಳತೆ ಫೈಲಿಗೆ ಬರೆಯುವ ಹಾಗೆ ಮಾಡಿ, ಸೈಬರ್‌ಪಂಕ್ 2077 ಆಡಲು ಹೇಳಿದೆ. ವ್ಯಾಲೊರಂಟ್‌ನಲ್ಲಿ ಒಂದು ಸಲವೂ ಕಪ್ಪಾಗಿಲ್ಲ, ಇದರಲ್ಲಿ ಹದಿನೈದು ನಿಮಿಷ ದಾಟುವುದೇ ಇಲ್ಲ ಎಂದು ಅವನೇ ಹೇಳಿದ್ದ. ಹಗುರ ಆಟಕ್ಕೆ ಬೀಳದ್ದು ಭಾರದ ಆಟಕ್ಕೆ ಬೀಳುತ್ತದೆ ಎಂಬುದೂ ಒಂದು ಸುಳಿವೇ.

ಹದಿಮೂರನೇ ನಿಮಿಷಕ್ಕೆ ಬಿತ್ತು. ಫೈಲಿನ ಕೊನೆಯ ಸಾಲುಗಳನ್ನು ನೋಡಿದೆವು. ಚಿಪ್ಪಿನ ಬಿಸಿ 74 ಡಿಗ್ರಿ, ಅದರ ಅತಿ ಬಿಸಿ ಜಾಗ 87, ಮೆಮೊರಿ 94. ಈ ಕಾರ್ಡಿನ ಜಿಡಿಡಿಆರ್6ಎಕ್ಸ್ ಮೆಮೊರಿ 110ರ ಹತ್ತಿರ ಹೋದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, 94ಕ್ಕೆ ಏನೂ ಆಗಬಾರದು. ಬಿಸಿಲು ನಿರಪರಾಧಿ.

ಆಮೇಲೆ ಹಸಿವು. ಕಾರ್ಡಿನ ವೇಗ, ಪವರ್ ತಿದ್ದುವ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಪ್ರೋಗ್ರಾಂನಲ್ಲಿ ಪವರ್ ಲಿಮಿಟ್ ಅಂತ ಎಳೆಯುವ ಪಟ್ಟಿಯೊಂದು ಇದೆ. ಈ ಕಾರ್ಡ್ ಪೂರ್ತಿ ತಿಂದರೆ 320 ವ್ಯಾಟ್. ಪಟ್ಟಿಯನ್ನು 70 ಪರ್ಸೆಂಟ್‌ಗೆ ಎಳೆದೆ, ಅಂದರೆ ಸುಮಾರು 224 ವ್ಯಾಟ್. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಹುಡುಗ ಊಟ ಬಿಟ್ಟು ನಾಲ್ಕು ಗಂಟೆ ಆಡಿದ. ಕಪ್ಪಾಗಲಿಲ್ಲ. 85ಕ್ಕೆ ಏರಿಸಿದೆವು, ಎರಡು ಗಂಟೆಯ ಹತ್ತಿರ ಒಂದು ಸಲ ಬಿತ್ತು. 100ಕ್ಕೆ ಏರಿಸಿದರೆ ಮತ್ತೆ ಅದೇ ಹದಿನೈದು ನಿಮಿಷ. ಇಷ್ಟು ಸ್ಪಷ್ಟವಾಗಿ ಮೆಟ್ಟಿಲು ಮೆಟ್ಟಿಲಾಗಿ ಬಂದಾಗ ಖುಷಿಯಾಗುತ್ತದೆ. ವಿಂಡೋಸ್ ಹತ್ತು ಸಲ ಹಾಕಿದರೂ ಇದು ಸರಿಹೋಗುತ್ತಿರಲಿಲ್ಲ.

ಆದರೆ ಹಸಿವಿಗೂ ಮೂರು ಕಾರಣ ಇರಬಹುದು. ಕೊಡುವವನಲ್ಲಿ ಇಲ್ಲ, ಅಂದರೆ ಪವರ್ ಸಪ್ಲೈ ಸೋತಿದೆ. ತಿನ್ನುವವನಿಗೆ ಆಗುತ್ತಿಲ್ಲ, ಅಂದರೆ ಕಾರ್ಡಿನೊಳಗಿನ ಪವರ್ ಭಾಗವೇ ಕೆಟ್ಟಿದೆ. ಅಥವಾ ದಾರಿಯಲ್ಲಿ ಸೋರುತ್ತಿದೆ. ಅಂಗಡಿಯವರ ‘ಕಾರ್ಡ್ ಹೋಗಿದೆ’ ಇನ್ನೂ ಲೆಕ್ಕದಲ್ಲೇ ಇತ್ತು.

ಉತ್ತರ ಅದೇ ಫೈಲಿನಲ್ಲಿತ್ತು. ನಾನು ಮೊದಲ ಸಲ ಬಿಸಿಯ ಕಾಲಂಗಳನ್ನಷ್ಟೇ ನೋಡಿ ಮುಂದೆ ಹೋಗಿದ್ದೆ. 3080 ಕಾರ್ಡಿಗೆ ಕರೆಂಟ್ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಕೂತಿರುವ ಸ್ಲಾಟ್‌ನಿಂದ. ಅದು ಮದರ್‌ಬೋರ್ಡ್ ಮೂಲಕ ಬರುವುದು, ಹೆಚ್ಚೆಂದರೆ 75 ವ್ಯಾಟ್. ಇನ್ನೊಂದು, ತಲೆ ಮೇಲೆ ಚುಚ್ಚುವ 8 ಪಿನ್‌ನ ಪ್ಲಗ್‌ಗಳಿಂದ. ಒಂದೊಂದಕ್ಕೆ 150 ವ್ಯಾಟ್ ಲೆಕ್ಕ. ಇವನ ಕಾರ್ಡಿಗೆ ಅಂಥವು ಎರಡು. ಎಚ್‌ಡಬ್ಲ್ಯುಇನ್ಫೋ ಇವುಗಳ ವೋಲ್ಟೇಜನ್ನು ಬೇರೆ ಬೇರೆಯಾಗಿ ತೋರಿಸುತ್ತದೆ.

ಸುಮ್ಮನೆ ಕೂತಾಗ ಮೂರೂ ಕಡೆ 12.1 ವೋಲ್ಟ್. ಆಟ ಭಾರವಾದಾಗ ಸ್ಲಾಟ್‌ನಲ್ಲಿ 12.04. ಎರಡು ಪ್ಲಗ್‌ಗಳಲ್ಲಿ 11.53 ಮತ್ತು 11.51.

ಈ ಮೂರು ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಿ. ಪವರ್ ಸಪ್ಲೈಯೇ ಸುಸ್ತಾಗಿದ್ದರೆ ಸ್ಲಾಟ್‌ನ ವೋಲ್ಟೇಜ್ ಕೂಡ ಇಳಿಯಬೇಕಿತ್ತು, ಎರಡಕ್ಕೂ ಒಂದೇ ಅಡುಗೆಮನೆ ತಾನೇ. ಸ್ಲಾಟ್ ಗಟ್ಟಿಯಾಗಿದೆ, ಪ್ಲಗ್‌ಗಳು ಮಾತ್ರ ಅರ್ಧ ವೋಲ್ಟ್ ಕೆಳಗಿವೆ. ಅಂದರೆ ಅರ್ಧ ವೋಲ್ಟ್ ದಾರಿಯಲ್ಲಿ ಹೋಗಿದೆ. 12 ವೋಲ್ಟ್‌ನ ಲೈನು 5 ಪರ್ಸೆಂಟ್‌ವರೆಗೆ ಇಳಿಯಬಹುದು, 11.4 ಅದರ ತಳ. ನಮ್ಮದು 11.51, ಮೇಲುನೋಟಕ್ಕೆ ಪಾಸು. ಆದರೆ ಇದು ಸೆಕೆಂಡಿಗೊಮ್ಮೆ ಇಣುಕಿ ನೋಡಿದ ಲೆಕ್ಕ. ಈ ಕಾರ್ಡ್‌ಗಳು ಸೆಕೆಂಡಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲಿನಷ್ಟು ಹೊತ್ತು 400 ವ್ಯಾಟ್ ದಾಟಿ ಕರೆಂಟ್ ಎಳೆಯುತ್ತವೆ. ಆ ಗುಟುಕಿನಲ್ಲಿ ವೋಲ್ಟೇಜ್ ಎಷ್ಟಕ್ಕೆ ಕುಸಿಯುತ್ತದೆ ಎಂಬುದು ಈ ಫೈಲಿನಲ್ಲಿ ಬರುವುದೇ ಇಲ್ಲ. ಕಾರ್ಡಿಗೆ ಮಾತ್ರ ಅದು ತಿಳಿಯುತ್ತದೆ. ಅದು ಕೈ ಎತ್ತಿ, ಫ್ಯಾನ್‌ಗಳನ್ನು ಪೂರ್ತಿ ಓಡಲು ಬಿಟ್ಟು, ಕಣ್ಣು ಮುಚ್ಚುತ್ತದೆ.

ಯಂತ್ರ ಆಫ್ ಮಾಡಿ, ಗೋಡೆಯ ಸ್ವಿಚ್ ತೆಗೆದು, ಟಾರ್ಚ್ ಹಿಡಿದು ನೋಡಿದೆ. ಕಾರ್ಡಿನಲ್ಲಿ ಎರಡು ಪ್ಲಗ್ ಇದ್ದವು. ಅವುಗಳ ಹಿಂದೆ ಹೋಗುತ್ತಿದ್ದ ಕೇಬಲ್ ಒಂದೇ. ಹಳೆಯ 3060ಗೆ 170 ವ್ಯಾಟ್ ಸಾಕು, ಅದಕ್ಕಿದ್ದದ್ದು ಒಂದೇ ಪ್ಲಗ್. ಆ ಕೇಬಲ್‌ನ ತುದಿಯಲ್ಲಿ ಇನ್ನೊಂದು ಪ್ಲಗ್ ಮರಿಯ ಹಾಗೆ ಜೋತಾಡುತ್ತಿತ್ತು. ಹೊಸ ಕಾರ್ಡಿಗೆ ಎರಡು ಬೇಕಾದಾಗ ಹುಡುಗ ಅದನ್ನೇ ಬಗ್ಗಿಸಿ ಚುಚ್ಚಿದ್ದ. ಅಳತೆ ಸರಿಯಾಗಿ ಕೂತಿದೆ, ‘ಕ್ಲಿಕ್’ ಅಂದಿದೆ, ತಪ್ಪು ಅಂತ ಯಾರಿಗೆ ಅನ್ನಿಸುತ್ತದೆ? ನನಗೂ ಅನ್ನಿಸುತ್ತಿರಲಿಲ್ಲ.

ಲೆಕ್ಕ ಹಾಕಿ ನೋಡಿ. 320ರಲ್ಲಿ ಸ್ಲಾಟ್‌ನ ಪಾಲು 65 ಅಂದುಕೊಂಡರೂ ಉಳಿದ 255 ವ್ಯಾಟ್ ಆ ಒಂದೇ ಕೇಬಲ್‌ನಲ್ಲಿ. ಸುಮಾರು 22 ಆಂಪಿಯರ್. 8 ಪಿನ್ ಅಂತ ಹೆಸರೇ ಹೊರತು ಅದರಲ್ಲಿ 12 ವೋಲ್ಟ್ ತರುವುದು ಮೂರೇ ತಂತಿ. ಮೂರು ವಾಪಸ್ ಹೋಗುವ ದಾರಿ, ಉಳಿದ ಎರಡು ಬರೀ ‘ನಾನಿದ್ದೇನೆ’ ಅಂತ ಹೇಳುವುದಕ್ಕೆ. ಅರ್ಧ ವೋಲ್ಟ್ ಅನ್ನು 22 ಆಂಪಿಯರ್‌ಗೆ ಗುಣಿಸಿದರೆ 11 ವ್ಯಾಟ್. ನಾವು ಝೀರೋ ಬಲ್ಬ್ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದರಷ್ಟು ಬಿಸಿ ಒಂದು ಕೇಬಲ್ ಮತ್ತು ಅದರ ಕೊಂಡಿಗಳಲ್ಲಿ. ಪವರ್ ಸಪ್ಲೈ ಕಡೆಯ ಕೊಂಡಿಯನ್ನು ಎಳೆದು ತೆಗೆದೆ. ಎರಡು ಪಿನ್‌ಗಳ ಸುತ್ತ ಕಪ್ಪು ಪ್ಲಾಸ್ಟಿಕ್ ಹೊಳಪು ಕಳೆದುಕೊಂಡು ಕಂದಾಗಿತ್ತು. ಮೂಗಿನ ಹತ್ತಿರ ಹಿಡಿದರೆ ಹಳೆಯ ಇಸ್ತ್ರಿಪೆಟ್ಟಿಗೆಯ ವಾಸನೆ. ಟೇಬಲ್ ಫ್ಯಾನ್ ಇಟ್ಟಾಗ ಹತ್ತು ನಿಮಿಷ ಜಾಸ್ತಿ ಬಂದದ್ದು ಯಾಕೆ ಅಂತ ಆಗ ಅರ್ಥವಾಯಿತು. ತಾಮ್ರ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. ಫ್ಯಾನ್ ತಣ್ಣಗಿಟ್ಟದ್ದು ಕಾರ್ಡನ್ನಲ್ಲ, ಕೇಬಲ್ಲನ್ನು.

ಭಾವ ಇಷ್ಟು ಹೊತ್ತು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಚನ್ನಗಿರಿ ಕಡೆ ಅವರದು ಅಡಿಕೆ ತೋಟ. ‘ಅಂದ್ರೆ ಐದು ಎಚ್‌ಪಿ ಮೋಟರ್‌ಗೆ ಮನೆ ವೈರ್ ಎಳೆದಂಗೆ’ ಎಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಪವರ್ ಸಪ್ಲೈಯ ಡಬ್ಬ ಅಟ್ಟದ ಮೇಲಿತ್ತು. ಅದರೊಳಗೆ ಎರಡನೇ ಕೇಬಲ್, ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚದೆ ಹಾಗೇ ಇತ್ತು. ಅದು ಸಿಕ್ಕದಿದ್ದರೆ ನನ್ನ ಮನೆಯಲ್ಲಿರುವ ಬೇರೆ ಕಂಪನಿಯ ಕೇಬಲ್ ತರೋಣ ಎಂದು ಹುಡುಗ ಹೇಳಿದ್ದ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಕಾರ್ಡಿನ ಕಡೆಯ ತುದಿ ಎಲ್ಲ ಕಂಪನಿಗೂ ಒಂದೇ. ಪವರ್ ಸಪ್ಲೈ ಕಡೆಯ ತುದಿಯಲ್ಲಿ ಯಾವ ಪಿನ್‌ಗೆ ಏನು ಎಂಬುದಕ್ಕೆ ಒಂದೇ ನಿಯಮ ಇಲ್ಲ. ಪ್ಲಗ್ ಚೆನ್ನಾಗಿ ಕೂರುತ್ತದೆ, ಆದರೆ ಆನ್ ಮಾಡಿದ ಕ್ಷಣ ಕಾರ್ಡ್ ಸುಡಬಹುದು. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಹೀಗೆ ಬೇರೆ ಇರುವುದುಂಟು.

ಕಂದಾಗಿದ್ದ ಕೇಬಲ್ ಹೊರಗೆ ಹೋಯಿತು. ಹೊಸದನ್ನು ಒಂದು ಪ್ಲಗ್‌ಗೆ ಹಾಕಿ, ಇನ್ನೊಂದಕ್ಕೆ ಅದೇ ಪವರ್ ಸಪ್ಲೈ ಕಂಪನಿಯಿಂದ ಅದೇ ಮಾಡೆಲ್‌ನ ಕೇಬಲ್ ತರಿಸಿದೆವು. ಬರಲು ಐದು ದಿನ. ಅಲ್ಲಿಯವರೆಗೆ ಆಟ ಬಂದ್. ಕಂದಾಗಿದ್ದ ಸಾಕೆಟ್ ಬಿಟ್ಟು ಪಕ್ಕದಲ್ಲಿ ಖಾಲಿ ಇದ್ದ ಎರಡು ಸಾಕೆಟ್ ಬಳಸಲು ಹೇಳಿದೆ. ಎರಡೂ ಸೇರಿದ ಮೇಲೆ ಅವನು ಕಳಿಸಿದ ಅಂಕಿ: ಸ್ಲಾಟ್ 12.03, ಪ್ಲಗ್‌ಗಳು 11.88 ಮತ್ತು 11.90. ಪವರ್ ಲಿಮಿಟ್ 100ರಲ್ಲಿ, ಕ್ಯಾಬಿನೆಟ್ ಮುಚ್ಚಿ, ಮೂರು ಸಂಜೆ ಆಡಿದ. ಏನೂ ಆಗಲಿಲ್ಲ.

ನಾಲ್ಕನೇ ಸಂಜೆ ಫೋನ್. ‘ಮಾಮ, ಮತ್ತೆ ಕಪ್ಪಾಯ್ತು.’

ಹಿಂದೆ ಭಾವನ ದನಿ ಕೇಳಿಸುತ್ತಿತ್ತು, ಅಂಗಡಿಯವನೇ ಸರಿ ಅಂತ. ನನಗೂ ಒಂದು ಕ್ಷಣ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಆದರೂ ಅದೇ ಹಳೆಯ ಪ್ರಶ್ನೆ ಕೇಳಿದೆ. ಕಪ್ಪಾದಾಗ ಉಳಿದದ್ದೆಲ್ಲ ಏನು ಮಾಡುತ್ತಿತ್ತು? ಫ್ಯಾನ್ ಕಿರುಚಲಿಲ್ಲ. ಆಟದ ಸೌಂಡ್ ಹಾಗೇ ಇತ್ತು. ಎರಡು ಸೆಕೆಂಡ್ ಆದಮೇಲೆ ಚಿತ್ರ ತಾನಾಗಿಯೇ ವಾಪಸ್ ಬಂತು. ಇವೆಂಟ್ ವ್ಯೂವರ್ ನೋಡಲು ಹೇಳಿದೆ. ಆ ಹೊತ್ತಿಗೆ ಒಂದು ಸಾಲೂ ಇರಲಿಲ್ಲ. ಕಾರ್ಡಿಗೆ ತನಗೇನೋ ಆಗಿದೆ ಎಂಬುದೇ ಗೊತ್ತಿಲ್ಲ. ಇದು ಬೇರೆ ರೋಗ.

‘ಆಗ ನೀನು ಏನು ಮಾಡ್ತಿದ್ದೆ?’

‘ಏನಿಲ್ಲ. ನೀರು ಕುಡಿಯೋಣ ಅಂತ ಎದ್ದೆ.’

ಎದ್ದ! ಕುರ್ಚಿ ಯಾವುದು ಎಂದು ಕೇಳಿದೆ. ಹೋದ ವರ್ಷ ಹುಟ್ಟುಹಬ್ಬಕ್ಕೆ ಕೊಡಿಸಿದ ಗೇಮಿಂಗ್ ಕುರ್ಚಿ, ಗ್ಯಾಸ್ ಸಿಲಿಂಡರ್‌ನದ್ದು. ನಂಬುವುದು ಕಷ್ಟ, ಆದರೆ ಇದು ನಿಜವಾಗಿ ಆಗುವಂಥದ್ದು. ಇಂಥ ಕುರ್ಚಿಯಿಂದ ಎದ್ದಾಗ ಅಥವಾ ಧೊಪ್ ಅಂತ ಕೂತಾಗ ಸಿಲಿಂಡರ್‌ನಲ್ಲಿ ಸಣ್ಣ ಸ್ಥಿರ ವಿದ್ಯುತ್ತಿನ ಕಿಡಿ ಹಾರುತ್ತದೆ. ಅದರ ಅಲೆಯನ್ನು ಹತ್ತಿರದ ಮಾನಿಟರ್ ಕೇಬಲ್ ಆಂಟೆನಾ ಹಾಗೆ ಹಿಡಿಯುತ್ತದೆ. ಕೇಬಲ್‌ನೊಳಗಿನ ಕವಚ ಚೆನ್ನಾಗಿಲ್ಲದಿದ್ದರೆ ಸಿಗ್ನಲ್ ಕಡಿದು, ಮಾನಿಟರ್ ಒಂದೆರಡು ಸೆಕೆಂಡ್ ಕಪ್ಪಾಗಿ, ಮತ್ತೆ ಜೋಡಿಕೊಳ್ಳುತ್ತದೆ. ಯಂತ್ರಕ್ಕೆ ಮಾನಿಟರ್ ಜೋಡಿಸುವ ತಂತ್ರಜ್ಞಾನದ ಡಿಸ್‌ಪ್ಲೇಲಿಂಕ್ ತನ್ನ ಗ್ರಾಹಕರಿಗಾಗಿ ಬರೆದ ಸಹಾಯ ಪುಟದಲ್ಲೇ ಗ್ಯಾಸ್ ಕುರ್ಚಿಯ ಈ ಕಾಟವನ್ನು ಹೇಳಿಕೊಂಡಿದೆ.

ಹುಡುಗ ಫೋನ್ ಸ್ಪೀಕರ್‌ಗೆ ಹಾಕಿ ಎದ್ದು ಕೂತು ಮಾಡತೊಡಗಿದ. ಆರನೇ ಸಲಕ್ಕೆ ಕಪ್ಪಾಯಿತು. ಮತ್ತೆ ಹನ್ನೊಂದಕ್ಕೆ. ಅಕ್ಕ ಒಳಗಿನಿಂದ ಬಂದು, ‘ಏನೋ ಇದು, ಬಸ್ಕಿ ಹೊಡೀತಿದೀಯಾ?’ ಎಂದು ಕೇಳಿದ್ದೂ ಕೇಳಿಸಿತು. ಇದು ಮೊದಲೂ ಆಗುತ್ತಿತ್ತೇನೋ, ಆ ದೊಡ್ಡ ಗಲಾಟೆಯಲ್ಲಿ ಲೆಕ್ಕಕ್ಕೆ ತಗೊಂಡಿರಲಿಲ್ಲ ಎಂದು ಆಮೇಲೆ ಅವನೇ ಒಪ್ಪಿಕೊಂಡ.

ಇನ್ನೊಂದು ಅನುಮಾನವೂ ಇತ್ತು. ಬರಿಗಾಲಲ್ಲಿ ನಿಂತು ಅವನ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದನ್ನು ಕಂಪ್ಯೂಟರಿನ ಸ್ವಭಾವ ಅಂತಲೇ ಬಿಟ್ಟುಬಿಡುತ್ತಾರೆ. ಹಾಗಲ್ಲ. ಪವರ್ ಸಪ್ಲೈಯ ಫಿಲ್ಟರ್‌ನಿಂದ ತುಸು ಕರೆಂಟ್ ಸದಾ ಅರ್ಥ್ ಕಡೆ ಹರಿಯುತ್ತಿರುತ್ತದೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಅದಕ್ಕೆ ಹೋಗಲು ದಾರಿ ಸಿಗದೆ ಕ್ಯಾಬಿನೆಟ್‌ನ ಲೋಹದಲ್ಲಿ ಕೂರುತ್ತದೆ. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಆ ಕೋಣೆಯ ಸಾಕೆಟ್‌ನ ಅರ್ಥ್ ತಂತಿ ಬೋರ್ಡಿನ ಹಿಂದೆ ಬಿಚ್ಚಿಕೊಂಡಿತ್ತು. ಅದನ್ನು ಕಟ್ಟಿ ಹೋದ. ಅದೇ ದಿನ ಒಳ್ಳೆಯ ಕವಚದ, ಒಂದೂವರೆ ಮೀಟರ್‌ನ ಡಿಸ್‌ಪ್ಲೇಪೋರ್ಟ್ ಕೇಬಲ್ಲೂ, ಅಂದರೆ ಹೊಸ ಮಾನಿಟರ್ ಕೇಬಲ್ಲೂ, ಬಂತು. ಎರಡನ್ನೂ ಒಟ್ಟಿಗೆ ಮಾಡಿಬಿಟ್ಟಿದ್ದ. ಕಪ್ಪಾಗುವುದು ನಿಂತಿತು, ಆದರೆ ಯಾವುದರಿಂದ? ಒಂದು ಸಲಕ್ಕೆ ಒಂದನ್ನೇ ಬದಲಿಸು ಎಂದು ನಾನು ಬಡಕೊಂಡಿದ್ದೆಲ್ಲ ಗಾಳಿಗೆ. ಹಳೆಯ ಕೇಬಲ್ ಮತ್ತೆ ಹಾಕಿ ಬಸ್ಕಿ ಹೊಡೆ ಎಂದೆ. ಒಂಬತ್ತನೇ ಸಲಕ್ಕೆ ಕಪ್ಪಾಯಿತು. ಹೊಸದು ಹಾಕಿ ನಲವತ್ತು ಹೊಡೆದ, ಏನೂ ಇಲ್ಲ. ಹಾಗಾಗಿ ಕೇಬಲ್. ಅರ್ಥಿಂಗ್‌ನಿಂದ ಆದ ಲಾಭ ಜುಮ್ ನಿಂತದ್ದು, ಅದೇನೂ ಸಣ್ಣದಲ್ಲ.

ಪವರ್ ಸಪ್ಲೈಯನ್ನು ನಾವು ಬದಲಿಸಲಿಲ್ಲ. 3080ಗೆ ಎನ್‌ವಿಡಿಯಾ ಹೇಳುವುದು 750 ವ್ಯಾಟ್, ಇವನದು 650. ಪವರ್ ಸಪ್ಲೈಗಳಿಗೆ 2022ರಲ್ಲಿ ಎಟಿಎಕ್ಸ್ 3.0 ಎಂಬ ನಿಯಮ ಬಂತು, ಅದು ಆ ಕ್ಷಣದ ಗುಟುಕುಗಳನ್ನು ತಡೆದುಕೊಳ್ಳಲೇಬೇಕು ಎನ್ನುತ್ತದೆ. ಇವನದು ಅದಕ್ಕಿಂತ ಹಳೆಯದು. ಹಾಗಾಗಿ ಕಾರ್ಡಿನ ವೋಲ್ಟೇಜನ್ನು ಆಫ್ಟರ್‌ಬರ್ನರ್‌ನಲ್ಲಿ ಸ್ವಲ್ಪ ಇಳಿಸಿ, 1800 ಮೆಗಾಹರ್ಟ್ಸ್‌ಗೆ 850 ಮಿಲಿವೋಲ್ಟ್ ಅಂತ ಕಟ್ಟಿಹಾಕಿದೆವು. ಈಗ ಅದು 260ರ ಆಸುಪಾಸು ತಿನ್ನುತ್ತದೆ. ಆಟದಲ್ಲಿ ಸೆಕೆಂಡಿಗೆ ನಾಲ್ಕೈದು ಫ್ರೇಮ್ ಕಡಿಮೆ. ಅದು ತನಗೆ ಗೊತ್ತಾಗುತ್ತದೆ ಎಂದು ಹುಡುಗ ವಾದ ಮಾಡುತ್ತಾನೆ, ನಂಬರ್ ಮುಚ್ಚಿ ಆಡಿಸಿದರೆ ಗೊತ್ತಾಗುವುದಿಲ್ಲ.

ಒಟ್ಟು ಖರ್ಚು ಎರಡು ಕೇಬಲ್ ಮತ್ತು ಎಲೆಕ್ಟ್ರಿಷಿಯನ್ ಕೂಲಿ. ಆ ಕಂದಾದ ಕೇಬಲ್ಲನ್ನು ಭಾವ ಇಟ್ಟುಕೊಂಡಿದ್ದಾರೆ. ತೋಟದ ಮೋಟರ್ ಮನೆಯ ಗೋಡೆಗೆ ನೇತು ಹಾಕಿದ್ದಾರಂತೆ. ಹೋದ ವಾರ ಫೋನ್ ಮಾಡಿ, ಮೋಟರ್ ಸ್ಟಾರ್ಟ್ ಆಗುವಾಗ ಸ್ಟಾರ್ಟರ್ ಹತ್ತಿರ ಎಷ್ಟು ವೋಲ್ಟ್, ಬಾವಿ ಹತ್ತಿರ ಎಷ್ಟು ವೋಲ್ಟ್ ಅಂತ ಅಳೆದು ಎರಡು ಅಂಕಿ ಹೇಳಿದರು. 30 ವೋಲ್ಟ್ ವ್ಯತ್ಯಾಸ ಇತ್ತು.